ಆಸ್ಟ್ರೇಲಿಯನ್ ಫುಟ್‌ಬಾಲ್ (ಸಾಕರ್ ಅಲ್ಲ, ಆ ದೇಶದ್ದೇ ಬೇರೆ ಆಟ) ಕುರಿತ ಕವಿತೆಗಳಲ್ಲಿ ಆಟಕ್ಕಿಂತ ಮನೆಮಂದಿಯ ಮಾತೇ ಹೆಚ್ಚು, ಏಕೆ?

ಅಲ್ಲಿ, ಅದರಲ್ಲೂ ಮೆಲ್ಬರ್ನ್‌ನಲ್ಲಿ, ಹೆಚ್ಚಿನವರು ತಮ್ಮ ತಂಡವನ್ನು ಆರಿಸಿಕೊಂಡಿರುವುದಿಲ್ಲ. ಅದು ಅಪ್ಪ-ಅಮ್ಮನಿಂದ ಬಳುವಳಿಯಾಗಿ ಬಂದಿರುತ್ತದೆ. ಹಾಗಾಗಿ ತಂಡದ ಬಗ್ಗೆ ಬರೆಯಹೊರಟವರು ಮನೆಯ ಬಗ್ಗೆ ಬರೆದುಬಿಡುತ್ತಾರೆ.

ಇದಕ್ಕೆ ಕಾರಣ ಕ್ಲಬ್‌ಗಳು ಹುಟ್ಟಿದ ಬಗೆ. ಈ ಆಟದ ಮೊದಲ ನಿಯಮಗಳು 1859ರಲ್ಲಿ ಮೆಲ್ಬರ್ನ್‌ನಲ್ಲೇ ಬರಹಕ್ಕಿಳಿದವು. ಕಾಲಿಂಗ್‌ವುಡ್, ರಿಚ್ಮಂಡ್, ಕಾರ್ಲ್‌ಟನ್ ಮುಂತಾದ ಹಳೆಯ ತಂಡಗಳ ಹೆಸರೆಲ್ಲ ಅಲ್ಲಿನ ಬಡಾವಣೆಗಳದ್ದೇ. ಅಜ್ಜ ಇದ್ದ ಬೀದಿ ಯಾವುದೋ ತಂಡವೂ ಅದೇ. ಮುಂದೆ ಸಂಸಾರ ಊರಾಚೆಗೆ ಹೋದರೂ ತಂಡ ಬದಲಾಗುವುದಿಲ್ಲ. ತಾವು ಒಂದು ದಿನವೂ ವಾಸಿಸದ ಬಡಾವಣೆಗಾಗಿ ಮೊಮ್ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಾರೆ! ಕವಿತೆಗೆ ಬೇಕಾದ ಹಳಹಳಿಕೆ ಅಲ್ಲೇ ಇದೆ.

ಆಸ್ಟ್ರೇಲಿಯಾದ ಕವಿ ಬ್ರೂಸ್ ಡಾವ್ ಅವರ 'ಲೈಫ್-ಸೈಕಲ್' ಕವಿತೆಯಲ್ಲಿ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಮಗುವನ್ನು ಹುಟ್ಟುತ್ತಲೇ ಕ್ಲಬ್ಬಿನ ಬಣ್ಣದ ಬಟ್ಟೆಯಲ್ಲಿ ಸುತ್ತುತ್ತಾರೆ. ಮುಪ್ಪಿನವರೆಗೂ ಆಟವೇ ಅದರ ಧರ್ಮ. ಗೇಲಿ ಇದೆ, ಆದರೆ ನನಗೆ ಅಕ್ಕರೆಯೇ ಹೆಚ್ಚು ಕಾಣುತ್ತದೆ.

ಇದೇ ಕಾರಣಕ್ಕೆ, 1996ರಲ್ಲಿ ಮೆಲ್ಬರ್ನ್‌ನ ಫಿಟ್ಜ್‌ರಾಯ್ ತಂಡವನ್ನು ದೂರದ ಬ್ರಿಸ್ಬೇನ್ ತಂಡದೊಂದಿಗೆ ವಿಲೀನ ಮಾಡಿದಾಗ ಎಷ್ಟೋ ಅಭಿಮಾನಿಗಳಿಗೆ ಮನೆಯಲ್ಲೇ ಸಾವಾದಷ್ಟು ದುಃಖವಾಯಿತು.