ಒಂದೂವರೆ ವರ್ಷದ ಮಗುವಿಗೆ ‘ಬ್ರೇನ್ ಕಿಟ್’ ಬೇಕಾ?

ಮಗುವಿನ ಬುದ್ಧಿ ಚುರುಕಾಗುತ್ತೆ ಅಂತ ಮಾರುವ ಆಟಿಕೆಗಳ ಡಬ್ಬಿ, ‘ಬ್ರೇನ್ ಕಿಟ್’, ಮಗನಿಗೆ ತರಿಸಬೇಕಾ ಅಂತ ಕೇಳಿದ್ದೀರಿ. ಬೇಡ, ತರಿಸಬೇಡಿ. ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಮಗ ಕೈಗೆ ಸಿಗೋದೇ ಸಂಜೆ ಹೊತ್ತು ಸ್ವಲ್ಪ ಅಂತ ಬರೆದಿದ್ದೀರಿ. ಆ ಹೊತ್ತಿನಲ್ಲಿ ಅಡುಗೆ ಆಗಬೇಕು, ಬಟ್ಟೆ ಮಡಚಬೇಕು, ಸ್ನಾನ ಮಾಡಿಸಬೇಕು, ಅಲ್ವಾ? ಅದರಲ್ಲೇ ಅವನನ್ನೂ ಸೇರಿಸಿಕೊಳ್ಳಿ.

ನಾನು ಅಂಗನವಾಡಿ ಕಾರ್ಯಕರ್ತೆ. ಮೂರು ವರ್ಷ ತುಂಬಿ ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಕೆಲವರಿಗೆ ತಮ್ಮ ಊಟ ತಾವೇ ಕಲಸಿಕೊಳ್ಳಲು ಬರುತ್ತದೆ. ಕೆಲವರು ತಟ್ಟೆ ಮುಂದೆ ಬಾಯಿ ತೆರೆದು ಕೂರುತ್ತಾರೆ. ಪೆದ್ದು ಮಕ್ಕಳೇನಲ್ಲ. ಚೆಲ್ಲುತ್ತೆ, ತಡ ಆಗುತ್ತೆ ಅಂತ ಮನೆಯಲ್ಲಿ ಅವರ ಕೈಗೆ ಏನೂ ಕೊಟ್ಟಿರುವುದಿಲ್ಲ, ಅಷ್ಟೇ.

ಅವರೆಕಾಯಿ ಸುಲಿಯೋದನ್ನೇ ತಗೊಳ್ಳಿ. ನೀವು ಕಾಯಿಯ ತುದಿ ಮುರಿದು ಸ್ವಲ್ಪ ಬಿಡಿಸಿ ಅವನ ಕೈಗೆ ಕೊಡಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಕಾಳು ಕೀಳುತ್ತಾನೆ. ಮುಂದೆ ಪೆನ್ಸಿಲ್ ಹಿಡಿಯೋದೂ, ಗುಂಡಿ ಹಾಕೋದೂ ಇದೇ ಬೆರಳುಗಳೇ. ಸ್ಟೀಲ್ ಪಾತ್ರೆಗೆ ಹಾಕಿದರೆ ಟಣ್ ಅನ್ನುತ್ತೆ, ನಿಮ್ಮ ಮುಖ ನೋಡುತ್ತಾನೆ. ‘ಬಿತ್ತಾ? ಇನ್ನೊಂದು ಎಲ್ಲಿ?’ ಅನ್ನಿ. ಆಮೇಲೆ ಸುಮ್ನಿರಿ. ಮನಸ್ಸಲ್ಲೇ ಐದರವರೆಗೆ ಎಣಿಸಿ. ಉತ್ತರ ಹುಡುಕಲು ಅವನಿಗೆ ಅಷ್ಟು ಹೊತ್ತು ಬೇಕು. ನಾವು ದೊಡ್ಡವರು ಅಷ್ಟರಲ್ಲಿ ಇನ್ನೂ ನಾಲ್ಕು ಪ್ರಶ್ನೆ ಕೇಳಿಬಿಟ್ಟಿರುತ್ತೇವೆ. ಅವನು ‘ಆ’ ಅಂದರೂ, ಬೆರಳು ತೋರಿಸಿದರೂ ಅದೇ ಮಾತು. ಅದಕ್ಕೆ ನೀವು ಮತ್ತೆ ಮಾತಾಡಿ. ಮಾತು ಬೆಳೆಯೋದು ಹೀಗೆ ಕೊಟ್ಟು-ತಗೊಂಡು. ಒಂದೇ ಸಮನೆ ಮಾತಾಡೋ ಆಟಿಕೆಯಿಂದಲ್ಲ.

ಒಂದು ಎಚ್ಚರಿಕೆ. ಕಾಳನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳೋ ವಯಸ್ಸಿದು. ಪಕ್ಕದಲ್ಲೇ ಕೂತು ಕೈ ಮೇಲೆ ಕಣ್ಣಿಟ್ಟಿರೋಕಾದರೆ ಮಾತ್ರ ಈ ಆಟ. ಒಲೆ ಕಡೆ ಗಮನ ಇದ್ದರೆ ಈರುಳ್ಳಿ, ಆಲೂಗಡ್ಡೆ ಕೊಡಿ, ಬುಟ್ಟಿಯಿಂದ ಬುಟ್ಟಿಗೆ ಹಾಕಲಿ. ಇಡೀ ಕಡಲೆಕಾಯಿ ಬೀಜ ತಿನ್ನೋಕಂತೂ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಬಟ್ಟೆ ಮಡಚುವಾಗ ‘ಅಪ್ಪನ ಸಾಕ್ಸ್ ಎಲ್ಲಿ?’, ಸ್ನಾನದಲ್ಲಿ ಎರಡು ಲೋಟ, ನೀರು ಸುರಿಯೋ ಆಟ. ಇಂಥವು ನಿಮಗೇ ಹೊಳೆಯುತ್ತವೆ. ಕೇಂದ್ರ ಸರ್ಕಾರ 2024ರಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗಾಗಿ ‘ನವಚೇತನ’ ಅಂತ ಒಂದು ಚೌಕಟ್ಟು ತಂದಿದೆ. ಯಾವ ತಿಂಗಳಿಗೆ ಯಾವ ಆಟ ಅಂತ ಅದರಲ್ಲಿದೆ.

ಊಟಕ್ಕೆ ಮೊಬೈಲ್ ಹಿಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಲ್ಲಿ ಈ ವಯಸ್ಸಿಗೆ ಸ್ಕ್ರೀನ್ ಬೇಡ ಅಂತಿದೆ. ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ. ಊರಿಂದ ಅಜ್ಜ ವಿಡಿಯೊ ಕಾಲ್ ಮಾಡಿದರೆ ಅದು ಬೇರೆ.

ಹಗಲು ನೋಡಿಕೊಳ್ಳೋ ಅತ್ತೆ ತುಳು ಮಾತಾಡ್ತಾರೆ, ಮಗುವಿಗೆ ಗೊಂದಲ ಆಗುತ್ತಾ ಅಂತಲೂ ಕೇಳಿದ್ದೀರಿ. ಆಗಲ್ಲ. ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಅವರು ತುಳುವಲ್ಲೇ ಮಾತಾಡಲಿ. ಆದರೆ ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಒಂದು ಪದವನ್ನೂ ಆಡದಿದ್ದರೆ, ಇನ್ನೂ ನಡೆಯದಿದ್ದರೆ ‘ಗಂಡು ಮಕ್ಕಳಿಗೆ ಮಾತು ತಡ’ ಅಂತ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಅಂಗನವಾಡಿಗಳಿಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದ ಡಾಕ್ಟರು ಬಂದು ಉಚಿತವಾಗಿ ತಪಾಸಣೆ ಮಾಡುತ್ತಾರೆ. ನಿಮ್ಮ ಬೀದಿಯ ಕಾರ್ಯಕರ್ತೆಯನ್ನು ಕೇಳಿದರೆ ಯಾವಾಗ ಬರ್ತಾರೆ ಅಂತ ಹೇಳ್ತಾರೆ.