ಎಬಿಎಸ್ ದೀಪ ಹತ್ತಿಕೊಂಡರೆ

ಪ್ರಶ್ನೆ: ಸಿಲ್ಕ್ ಬೋರ್ಡ್ ಬಳಿ ನಿಂತಿದ್ದ ಮಳೆನೀರಲ್ಲಿ ಕಾರು ಓಡಿಸಿದೆ. ಆಮೇಲೆ ಕೆಲವು ದಿನ ಸಿಗ್ನಲ್‌ನಲ್ಲಿ ನಿಧಾನವಾಗಿ ನಿಲ್ಲಿಸುವಾಗಲೂ ಪೆಡಲ್ ಗಡಗಡ ನಡುಗುತ್ತಿತ್ತು. ಈಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರುವುದೇ ಇಲ್ಲ. ಗ್ಯಾರೇಜಿನವರು ಇಡೀ ಎಬಿಎಸ್ ಯೂನಿಟ್ ಬದಲಿಸಿ ಅನ್ನುತ್ತಾರೆ. ಏನು ಮಾಡಲಿ?
— ಓದುಗರು, ಬಸವನಗುಡಿ

ಉತ್ತರ: ಯೂನಿಟ್‌ಗೆ ಈಗಲೇ ದುಡ್ಡು ಸುರಿಯಬೇಡಿ ಸರ್. ನೀವು ಹೇಳಿದ ಆ ನಡುಕವೇ ದೊಡ್ಡ ಸುಳಿವು. ಒಂದು ಚಕ್ರದ ವೇಗ ಅಳೆಯುವ ಸೆನ್ಸರ್ ಕೊಡುವ ಸಿಗ್ನಲ್ ನಿಧಾನ ವೇಗದಲ್ಲಿ ಕ್ಷೀಣಿಸಿದರೆ, ಆ ಚಕ್ರ ಲಾಕ್ ಆಯಿತೆಂದು ಕಂಪ್ಯೂಟರ್ ತಪ್ಪು ತಿಳಿದು ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುತ್ತದೆ. ಸೆನ್ಸರ್ ತುದಿಗೆ ಮೆತ್ತಿದ ಕೆಸರು, ತುಕ್ಕು, ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ರಿಂಗ್‌ನಲ್ಲಿ ಬಿರುಕು, ನೀರು ಹೊಕ್ಕ ಕನೆಕ್ಟರ್: ನನ್ನ ಗ್ಯಾರೇಜಿಗೆ ಮಳೆಗಾಲದಲ್ಲಿ ಬರುವ ಕಾರುಗಳಲ್ಲಿ ಹೆಚ್ಚಾಗಿ ಇವೇ ಇರುತ್ತವೆ.

ಎಬಿಎಸ್ ದೋಷದ ಕೋಡ್ ಓದುವ ಸ್ಕ್ಯಾನರ್ ಇರುವ ಕಡೆ ಹೋಗಿ. ಅಗ್ಗದ ಸ್ಕ್ಯಾನರ್‌ಗಳಲ್ಲಿ ಬಹುಪಾಲು ಎಂಜಿನ್ ಕೋಡ್ ಮಾತ್ರ ಓದುತ್ತವೆ. ಕಾರನ್ನು 20 ಕಿ.ಮೀ. ವೇಗದಲ್ಲಿ ನೇರವಾಗಿ ಓಡಿಸಿ, ನಾಲ್ಕೂ ಚಕ್ರಗಳ ವೇಗವನ್ನು ಒಟ್ಟಿಗೆ ನೋಡಲು ಹೇಳಿ. ಮೂರು ಒಂದೇ ಅಂಕಿ ತೋರಿಸಿ ನಾಲ್ಕನೆಯದು ಸೊನ್ನೆಗೆ ಬಿದ್ದರೆ ಕಳ್ಳ ಅಲ್ಲೇ ಸಿಕ್ಕ. ಮೊದಲು ವೈರು, ಕನೆಕ್ಟರ್ ನೋಡಲಿ. ಆಮೇಲೆ ಸೆನ್ಸರ್ ಬಿಚ್ಚಿ ಒರೆಸಲಿ. ಚಕ್ರದ ಬೇರಿಂಗ್ ಬದಲಿಸಿದ್ದರೆ ಅದನ್ನೂ ತಿಳಿಸಿ. ಕೆಲವು ಬೇರಿಂಗ್‌ಗಳ ಒಂದೇ ಬದಿಯಲ್ಲಿ ಸೆನ್ಸರ್ ಓದುವ ಕಾಂತೀಯ ರಿಂಗ್ ಇರುತ್ತದೆ, ತಿರುಗಿಸಿ ಕೂರಿಸಿದರೆ ಸಿಗ್ನಲ್ಲೇ ಬರದು.

ಹಳದಿ ಎಬಿಎಸ್ ದೀಪ ಮಾತ್ರ ಇದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ; ಒದ್ದೆ ರಸ್ತೆಯಲ್ಲಿ ಅಂತರ ಬಿಟ್ಟು ನಿಧಾನವಾಗಿ ಓಡಿಸಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ದಯವಿಟ್ಟು ಓಡಿಸಬೇಡಿ, ಟೋ ಮಾಡಿಸಿ.