ಮನೆಯಲ್ಲೇ ಜೇಡ್ ಕಲ್ಲಿನ ಪುಟ್ಟ ಆಮೆ ಕೆತ್ತಬಹುದೇ? ಉಳಿ ಏಕೆ ನಾಟುವುದಿಲ್ಲ?

ಮಾಡಬಹುದು, ಉಳಿ ಬದಿಗಿಡಿ. ನಮ್ಮ ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆಗೆ ಮರ ಕೆತ್ತಿದಂತೆ ಜೇಡನ್ನು ಕೆತ್ತಲಾಗದು, ಸವೆಸಬೇಕು. ಜೇಡಿನ ಎರಡು ಬಗೆಗಳಲ್ಲಿ ಒಂದಾದ ನೆಫ್ರೈಟಿನ ಗಡಸುತನ, 1ರಿಂದ 10ರವರೆಗಿನ ಮೋಸ್ ಮಾಪನದಲ್ಲಿ, 6ರಿಂದ 6.5. ಅದಕ್ಕಿಂತ ಗಡಸಾದ ಕಲ್ಲುಗಳಿವೆ; ಆದರೆ ಇದರೊಳಗೆ ನಾರಿನಂಥ ಹರಳುಗಳು ಕಂಬಳಿಯ ಎಳೆಗಳಂತೆ ಹೆಣೆದುಕೊಂಡಿರುತ್ತವೆ, ಪೆಟ್ಟಿಗೆ ಸುಲಭವಾಗಿ ಸೀಳುವುದಿಲ್ಲ.

ಸಣ್ಣ ರೋಟರಿ ಯಂತ್ರಕ್ಕೆ ವಜ್ರದ ಪುಡಿ ಲೇಪಿಸಿದ ಮೊನೆ ಹಾಕಿ, ನೀರು ತೊಟ್ಟಿಕ್ಕಿಸುತ್ತಾ ಉಜ್ಜಿ. ಒಣದಾಗಿ ಉಜ್ಜಿದರೆ ಮೊನೆಯೂ ಹಾಳು, ದೂಳೂ ಎದೆಗೆ, ಮಾಸ್ಕ್ ಇರಲಿ.

ಹೊಳಪಿಗೆ 220ರಿಂದ 3000 ನಂಬರಿನವರೆಗೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರು ಹೆಚ್ಚಿದಷ್ಟೂ ನುಣುಪು), ಕೊನೆಗೆ ತೊಗಲಿನ ಮೇಲೆ ವಜ್ರದ ಪೇಸ್ಟ್. ನಡುವೆ ನಂಬರು ಹಾರಿಸಬೇಡಿ. ನನ್ನ ಮೊದಲ ಆಮೆಯ ಕತ್ತಿನ ಮಡಿಕೆಯಲ್ಲಿ ಹಾಗೆ ಉಳಿದ ಗೀರು ಹೊಳಪು ಬಂದ ಮೇಲೆಯೇ ಎದ್ದು ಕಂಡಿತು. ಕೈ ಪಳಗಲು ಮೊದಲೊಂದು ಬಳಪದ ಕಲ್ಲಿನಲ್ಲಿ ಮಾಡಿ. ಅದನ್ನು ಉಗುರಿನಿಂದಲೂ ಗೀರಬಹುದು.